ನನ್ನನ್ನು ನಗಿಸಿದ ಇಬ್ಬರು

ನಿನ್ನಿಷ್ಟದ ಸ್ಟ್ಯಾಂಡ್-ಅಪ್ ಕಾಮಿಡಿಯನ್ ಯಾರು ಅಂತ ಯಾರಾದ್ರೂ ಕೇಳಿದ್ರೆ ನಾನು ತಡವರಿಸದೆ ಎರಡು ಹೆಸರು ಹೇಳ್ತೀನಿ: ರಿಚರ್ಡ್ ಪ್ರಯರ್, ಜಾರ್ಜ್ ಕಾರ್ಲಿನ್. ಇಬ್ಬರೂ ಅಮೆರಿಕದವರು. ಪ್ರಯರ್ 2005ರಲ್ಲಿ ತೀರಿಕೊಂಡ, ಕಾರ್ಲಿನ್ 2008ರಲ್ಲಿ. ಇಬ್ಬರ ಬಾಯಲ್ಲೂ ಬೈಗುಳ ಧಾರಾಳ, ಮನೆಮಂದಿ ಜೊತೆ ಕೂತು ನೋಡೋ ಹಾಗಿಲ್ಲ, ಮೊದಲೇ ಹೇಳಿಬಿಡ್ತೀನಿ :)

ಪ್ರಯರ್‌ಗೆ 1977ರಲ್ಲಿ ಹೃದಯಾಘಾತ ಆಯ್ತು. 1979ರ 'ಲೈವ್ ಇನ್ ಕನ್ಸರ್ಟ್' ಚಿತ್ರದಲ್ಲಿ ಅದನ್ನೇ ಆಡಿ ತೋರಿಸ್ತಾನೆ. ಜೋಕು ಅಂತ ಬೇರೆ ಏನೂ ಇಲ್ಲ. ಅವನ ಹೃದಯಕ್ಕೇ ಬಾಯಿ ಬಂದು ಅವನನ್ನ ಗದರಿಸುತ್ತೆ. ಉಸಿರಾಡಬೇಡ ಅನ್ನುತ್ತೆ, ಹಂದಿಮಾಂಸ ತಿನ್ನುವಾಗ ಈ ಬುದ್ಧಿ ಎಲ್ಲಿ ಹೋಗಿತ್ತು ಅಂತ ಕೇಳುತ್ತೆ. ಇವನು ಎದೆ ಹಿಡ್ಕೊಂಡು ನೆಲಕ್ಕೆ ಬಿದ್ದು ಅಂಗಲಾಚ್ತಾನೆ. ಒಂದೇ ಮೈಯಲ್ಲಿ ಹೊಡೆಯೋನೂ ಇದ್ದಾನೆ, ಏಟು ತಿನ್ನೋನೂ ಇದ್ದಾನೆ!

ಇದನ್ನ ನೋಡಿ ಎಷ್ಟು ಸಲ ನಕ್ಕಿದ್ದೆನೋ. ಆಮೇಲೊಂದು ದಿನ ನಮ್ಮಪ್ಪನಿಗೇ ಹಾರ್ಟ್ ಅಟ್ಯಾಕ್ ಆಯ್ತು. ಆಸ್ಪತ್ರೆಯಲ್ಲಿದ್ದಷ್ಟು ದಿನ ಆ ದೃಶ್ಯ ನೆನಪಾದ್ರೂ ಸಿಟ್ಟು ಬರ್ತಿತ್ತು. ಡಾಕ್ಟರು 'ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್' ಅಂದ್ರು. ಅಮ್ಮ ನನ್ನ ಮುಖ ನೋಡಿದ್ಲು, ನಾನು ಗೋಡೆ ನೋಡಿದೆ.

ಆಗ ನೆನಪಾದವನು ಕಾರ್ಲಿನ್. ವೇದಿಕೆ ಮೇಲೆ ಏಳು ಕೆಟ್ಟ ಪದ ಹೇಳಿದ್ದಕ್ಕೆ 1972ರಲ್ಲಿ ಮಿಲ್ವಾಕಿಯಲ್ಲಿ ಅರೆಸ್ಟ್ ಆದವನು. ಅವನ 1990ರ ಪ್ರದರ್ಶನವೊಂದರಲ್ಲಿ ಸೈನಿಕರ ಮನಸ್ಸು ಮುರಿದುಹೋಗುವ ಸ್ಥಿತಿಯ ಬಗ್ಗೆ ಮಾತು ಬರುತ್ತೆ. ಮೊದಲ ಮಹಾಯುದ್ಧದಲ್ಲಿ ಅದು 'ಶೆಲ್ ಶಾಕ್'. ಎರಡನೆಯದಕ್ಕೆ 'ಬ್ಯಾಟಲ್ ಫಟೀಗ್'. ಕೊರಿಯಾಕ್ಕೆ 'ಆಪರೇಷನಲ್ ಎಕ್ಸಾಸ್ಚನ್'. ವಿಯೆಟ್ನಾಂ ಹೊತ್ತಿಗೆ 'ಪೋಸ್ಟ್-ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್'. ಶೆಟ್ಟರ ಅಂಗಡಿ ಲೆಕ್ಕದ ಹಾಗೆ ಸಿಲಬಲ್ ಎಣಿಸ್ತಾ ಹೋಗ್ತಾನೆ: ಎರಡು, ನಾಲ್ಕು, ಎಂಟು... ಹೆಸರು ಉದ್ದ ಆದಷ್ಟೂ ನೋವು ಅದರಡಿ ಹೂತುಹೋಗುತ್ತೆ ಅನ್ನೋದು ಅವನ ವಾದ.

ಅಪ್ಪ ಹುಷಾರಾಗಿ ಮನೆಗೆ ಬಂದ್ರು. ನೋಡೋಕೆ ಬಂದ ನೆಂಟರ ಮುಂದೆ ಶುರು ಮಾಡಿದ್ರು. "ಎದೆ ಮೇಲೆ ಯಾರೋ ರುಬ್ಬೋ ಗುಂಡು ಇಟ್ಟು, ಅದರ ಮೇಲೆ ತಾವೂ ಕೂತ ಹಾಗಿತ್ತು ಕಣಯ್ಯ. ಇಳೀರಿ ಸ್ವಾಮಿ ಅಂದ್ರೂ ಇಳೀಲಿಲ್ಲ!" ಎದೆ ಹಿಡ್ಕೊಂಡು ಆಡಿಯೂ ತೋರಿಸಿದ್ರು. ಎಲ್ಲರೂ ನಕ್ಕರು. ಅಮ್ಮ ಎದ್ದು ಒಳಗೆ ಹೋದ್ಲು. ಮೂರನೇ ದಿನ ಬಂದ ನೆಂಟರಿಗೆ ಹೇಳುವಾಗ ಅಪ್ಪ ಗುಂಡಿನ ಮಾತು ಮರೆತ್ರು, ಅಮ್ಮನೇ ನೆನಪಿಸಿದ್ಲು.

ಇದೇ ಮಾತು ನನ್ನ ಬಾಯಿಂದ ಬಂದಿದ್ರೆ ಯಾರೂ ನಗ್ತಿರಲಿಲ್ಲ. ನಗಬಾರದು ಕೂಡ. ಬಿದ್ದವನೇ ಮೊದಲು ನಗಬೇಕು, ಬಿದ್ದದ್ದು ಹೇಗೆ ಅಂತ ನೇರವಾಗಿ ಹೇಳಬೇಕು. ಆಗಲೇ ಸುತ್ತ ಇರೋರಿಗೂ ಉಸಿರು ಬರೋದು.

ಪ್ರಯರ್‌ಗೆ ಇದು ಚೆನ್ನಾಗಿ ಗೊತ್ತಿತ್ತು. 1980ರಲ್ಲಿ ಡ್ರಗ್ಸ್ ಅಮಲಿನಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡು ಸಾವಿನ ಹತ್ತಿರ ಹೋಗಿಬಂದ. ಜನ ಅದರ ಮೇಲೂ ಜೋಕು ಕಟ್ಟಿದ್ರು. 1982ರ 'ಲೈವ್ ಆನ್ ದಿ ಸನ್‌ಸೆಟ್ ಸ್ಟ್ರಿಪ್' ಚಿತ್ರದಲ್ಲಿ ಅವನೇ ಕಡ್ಡಿ ಗೀರಿ, ಉರಿಯೋ ಕಡ್ಡಿಯನ್ನ ಗಾಳಿಯಲ್ಲಿ ಓಡಿಸ್ತಾ, ಇದು ಬೀದಿಯಲ್ಲಿ ಓಡ್ತಿರೋ ಪ್ರಯರ್ ಅಂತ ಜನರ ಜೋಕನ್ನ ಜನರಿಗೇ ಹೇಳಿ ತೋರಿಸಿದ.

ಪ್ರಾಣೇಶ್, ಕೃಷ್ಣೇಗೌಡರ ಹೆಸರು ಹೇಳೋರು ನಿಮ್ಮಲ್ಲಿ ತುಂಬಾ ಜನ ಇರ್ತೀರಿ, ಗೊತ್ತು. ಹೇಳಿ, ಆದ್ರೆ ಯಾಕೆ ಇಷ್ಟ ಅಂತಾನೂ ಹೇಳಿ!