ಕೆಸರಲ್ಲೊಂದು ಸೂರು

ಆಳಸಮುದ್ರದ ತಳ ಎಂದರೆ ಬರೀ ಕೆಸರು, ಅಲ್ಲಿ ಹಾಳಾಗುವುದಕ್ಕೆ ಏನಿದೆ ಎನ್ನುವವರು ಕಡಲಹಂದಿಯನ್ನು ನೋಡಬೇಕು. ಹೆಸರಿಗಷ್ಟೇ ಹಂದಿ, ಕುಲದಲ್ಲಿ ಇದು ಸಮುದ್ರಸೌತೆ, ವಿಜ್ಞಾನಿಗಳಿಗೆ ಸ್ಕೋಟೊಪ್ಲೇನ್ಸ್. ಸಾವಿರ ಮೀಟರಿಗೂ ಕೆಳಗಿನ ಕತ್ತಲಲ್ಲಿ, ನೀರು ತುಂಬಿ ಉಬ್ಬಿದ ಕೊಳವೆಗಾಲುಗಳ ಮೇಲೆ ನಿಧಾನಕ್ಕೆ ನಡೆಯುತ್ತಾ ಕೆಸರು ಬಾಚಿ ತಿನ್ನುತ್ತದೆ. ಬೆನ್ನ ಮೇಲೆ ಕೊಂಬಿನಂತೆ ಕಾಣುವವೂ ಕಾಲುಗಳ ಜಾತಿಯವೇ! ಕ್ಯಾಲಿಫೋರ್ನಿಯದ ಮಾಂಟೆರೆ ಬಳಿ ಸಾಗರ ಸಂಶೋಧಕರು ತೆಗೆದ ವಿಡಿಯೊಗಳಲ್ಲಿ, ಐದರಲ್ಲೊಂದು ಕಡಲಹಂದಿಗಾದರೂ ಮರಿ ಏಡಿಯೊಂದು ಅಂಟಿಕೊಂಡಿತ್ತು. ಅಲ್ಲಿ ಕಂಡ ಆ ಜಾತಿಯ ಏಡಿಮರಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೀಗೇ ಇದ್ದವು. ಅವಿತುಕೊಳ್ಳಲು ಕಲ್ಲಿಲ್ಲದ ಬಟ್ಟಬಯಲಿನಲ್ಲಿ ಈ ಲೋಳೆಮೈಯೇ ಸೂರು.

ಒಂದು ತೀರದ ಸಂಗತಿಯನ್ನು ಇಡೀ ಸಾಗರಕ್ಕೆ ಹಿಗ್ಗಿಸಬಾರದು ಎಂಬ ಆಕ್ಷೇಪ ನ್ಯಾಯವೇ. ಎಲ್ಲ ಕಡೆಯೂ ಏಡಿ ಇರಬೇಕೆಂಬುದು ನನ್ನ ವಾದವಲ್ಲ. ಖಾಲಿ ಎಂದು ಕಂಡದ್ದು ಖಾಲಿಯಲ್ಲ ಎಂಬುದಕ್ಕೆ ಈ ಒಂದು ತೀರವೇ ಸಾಕು. ಆಳಸಮುದ್ರದ ತಳದಲ್ಲಿ ಗಣಿಗಾರಿಕೆ ಬೇಕೆನ್ನುವವರು, ತೆಗೆಯುವುದು ಅಲ್ಲಿ ಬಿದ್ದಿರುವ ಲೋಹದ ಗಂಟುಗಳನ್ನು ಮಾತ್ರ, ಪ್ರಾಣಿಗಳನ್ನಲ್ಲ ಎನ್ನುತ್ತಾರೆ. ಆದರೆ ಯಂತ್ರ ಗಂಟಿನ ಜೊತೆ ಮೇಲ್ಪದರದ ಕೆಸರನ್ನೂ ಕೆರೆಯುತ್ತದೆ, ಸಮುದ್ರಸೌತೆಗಳ ಊಟ ಇರುವುದೇ ಆ ಪದರದಲ್ಲಿ. 1989ರಲ್ಲಿ ಪೆರು ಸಮೀಪದ ಆಳದಲ್ಲಿ ಪ್ರಯೋಗಕ್ಕೆಂದು ಎಳೆದ ನೇಗಿಲ ಗೆರೆಗಳು 26 ವರ್ಷದ ಮೇಲೂ ಅಳಿಸಿರಲಿಲ್ಲ. ಬ್ಯಾಟರಿಗೆ ಆ ಗಂಟುಗಳ ಕೋಬಾಲ್ಟ್, ನಿಕಲ್ ಬೇಕು, ಒಪ್ಪೋಣ. ಭಾರತವೂ ಮಧ್ಯ ಹಿಂದೂ ಮಹಾಸಾಗರದಲ್ಲಿ ಅನ್ವೇಷಣೆಯ ಹಕ್ಕು ಪಡೆದಿದೆ. ಯಂತ್ರ ಇಳಿಸುವ ಮುನ್ನ ಅಲ್ಲಿ ಯಾರು ಯಾರ ಆಸರೆಯಲ್ಲಿದ್ದಾರೆ ಎಂಬ ಎಣಿಕೆಯಾದರೂ ಮುಗಿಯಲಿ.