ಮೂರಕ್ಕೊಂದು

ಅಪ್ಪನ ಖಾತೆಯಲ್ಲಿ 61,000 ಪಾಯಿಂಟ್ ಇದೆ ಅಂತ ನಮಗೆ ಗೊತ್ತಾಗಿದ್ದು ದಸರಾ ರಜೆಯಲ್ಲಿ. ನಾವು ಅಂದ್ರೆ ಅಕ್ಕ-ತಮ್ಮ. ಒಬ್ಬಳು ಏಳನೇ ಸೆಮ್, ಒಬ್ಬ ಮೂರನೇ ಸೆಮ್. ಅಪ್ಪ ಕಾರ್ಖಾನೆಗಳಲ್ಲಿ ಮಷಿನ್ ಕೂರಿಸಿ ಚಾಲೂ ಮಾಡಿಕೊಡುವ ಎಂಜಿನಿಯರ್. ಎರಡು ವರ್ಷದಿಂದ ತಿಂಗಳಿಗೆ ಮೂರ್ನಾಲ್ಕು ರಾತ್ರಿ ಪುಣೆಯಲ್ಲಿ, ಒಂದೇ ಹೋಟೆಲಿನಲ್ಲಿ. ಬಿಲ್ಲು ಕಂಪನಿಯದು, ಪಾಯಿಂಟ್ ತಂಗಿದವರದು.

ಅಮ್ಮ ವಿಮಾನ ಹತ್ತಿದವಳಲ್ಲ. ಚಿಕ್ಕಮ್ಮ ಇರೋದು ಸಿಂಗಪುರದಲ್ಲಿ. ಪಾಯಿಂಟನ್ನು ಏರ್‌ಲೈನ್ ಮೈಲ್ ಮಾಡಿ ಅಮ್ಮನನ್ನು ಅಲ್ಲಿಗೆ ಕಳಿಸೋಣ ಅಂತ ನಮ್ಮ ಪ್ಲಾನು.

ಲೆಕ್ಕಕ್ಕೆ ಕೂತೆವು. ಅಪ್ಪನದು ಮ್ಯಾರಿಯಟ್ ಬಾನ್‌ವಾಯ್. ಅದರಲ್ಲಿ ಬಹುಪಾಲು ಏರ್‌ಲೈನ್‌ಗಳಿಗೆ 3 ಪಾಯಿಂಟ್ ಕೊಟ್ಟರೆ 1 ಮೈಲ್. ಒಟ್ಟಿಗೆ 60,000 ಕಳಿಸಿದರೆ 20,000 ಮೈಲ್, ಮೇಲೆ 5,000 ಬೋನಸ್. ಅದಕ್ಕೇ ಚಿಲ್ಲರೆ ಚಿಲ್ಲರೆಯಾಗಿ ಕಳಿಸಬಾರದು. ಇನ್ನೊಂದು, ಒಮ್ಮೆ ಮೈಲ್ ಆದದ್ದು ಮತ್ತೆ ಪಾಯಿಂಟ್ ಆಗಲ್ಲ. ಹಾಗಾಗಿ ಬೇಕಾದ ದಿನಕ್ಕೆ ಮೈಲ್ ಮೇಲೆ ಕೊಡುವ ಸೀಟು ಇದೆಯಾ ಅಂತ ಮೊದಲು ನೋಡಬೇಕು, ಆಮೇಲೆ ಬಟನ್ ಒತ್ತಬೇಕು. ಟಿಕೆಟ್ "ಫ್ರೀ" ಅಂದರೂ ತೆರಿಗೆ, ಶುಲ್ಕ ಕೈಯಿಂದಲೇ ಕಟ್ಟಬೇಕು.

ಅದೇ ಪಾಯಿಂಟನ್ನು ಹೋಟೆಲಿನಲ್ಲೇ ಖರ್ಚು ಮಾಡಿದರೆ? ಪಾಯಿಂಟ್ ಮೇಲೆ ಸತತ ಐದು ರಾತ್ರಿ ಬುಕ್ ಮಾಡಿದರೆ ನಾಲ್ಕು ರಾತ್ರಿಯದಷ್ಟೇ ಹಿಡಿದುಕೊಳ್ಳುತ್ತಾರೆ. ಪುಣೆಯಲ್ಲಿ ನಾವು ನೋಡಿದ ದಿನ ರಾತ್ರಿಗೆ 12,000 ತೋರಿಸುತ್ತಿತ್ತು. ಅಂದರೆ 48,000ಕ್ಕೆ ಐದು ರಾತ್ರಿ, ಇಬ್ಬರಿಗೆ. ವಿಮಾನಕ್ಕಾದರೆ ಒಬ್ಬರಿಗೇ ಸರಿಹೋಗುತ್ತಿತ್ತು. ಆದರೂ ನಮಗೆ ವಿಮಾನದ ಮೇಲೇ ಮನಸ್ಸು.

ಬಟನ್ ಒತ್ತುವ ಮುಂಚೆ ಅಮ್ಮನನ್ನು ಕೇಳಬೇಕು ಅಂತ ಹೊಳೆದದ್ದು ಕೊನೆಗೆ! ಅಮ್ಮ ಅಕ್ಕಿ ಆರಿಸುತ್ತಾ ಅಂದಳು: "ಸಿಂಗಪುರ ಎಲ್ಲಿಗೂ ಓಡೋಗಲ್ಲ. ನಿಮ್ಮಪ್ಪ ಇರೋ ಆ ಪುಣೆ ಹೆಂಗಿದೆ, ಅದನ್ನ ತೋರ್ಸಿ."

ಡಿಸೆಂಬರಿನಲ್ಲಿ ಅಪ್ಪ-ಅಮ್ಮ ರೈಲಿನಲ್ಲಿ ಪುಣೆಗೆ ಹೋದರು. ಪರೀಕ್ಷೆ ಮುಗಿದಿತ್ತು, ಎರಡು ದಿನ ಬಿಟ್ಟು ನಾವೂ ಹೋದೆವು, ಉಳಿದದ್ದು ಗೆಳೆಯನ ರೂಮಿನಲ್ಲಿ. ಬೆಳಗ್ಗೆ ತಿಂಡಿಗೆ ಹೋಟೆಲಿಗೆ ಹೋದರೆ ಅಲ್ಲಿನ ಹುಡುಗ ಅಪ್ಪನ ಹೆಸರು ಹಿಡಿದು ನಮಸ್ಕಾರ ಹೇಳಿ, ಕೇಳದೇನೇ ಸಕ್ಕರೆ ಇಲ್ಲದ ಕಾಫಿ ತಂದಿಟ್ಟ.

ಅಮ್ಮ ಲೋಟ ನೋಡಿದಳು, ಅಪ್ಪನ ಮುಖ ನೋಡಿದಳು. "ಯಾವಾಗಿಂದ ರೀ?"

"ಒಂದು ವರ್ಷ ಆಯ್ತು. ಶುಗರ್ ಸ್ವಲ್ಪ ಬಾರ್ಡರ್‌ನಲ್ಲಿದೆ. ಸುಮ್ನೆ ನಿಂಗ್ಯಾಕೆ ತಲೆಬಿಸಿ ಅಂತ..."

ಮನೆಯಲ್ಲಿ ನಾವು ಕೊಡುತ್ತಿದ್ದ ಎರಡು ಚಮಚದ ಕಾಫಿಯನ್ನು ಅಪ್ಪ ಸದ್ದಿಲ್ಲದೆ ಕುಡಿಯುತ್ತಿದ್ದರು. ಹೋಟೆಲಿನ ಹುಡುಗನಿಗೆ ಗೊತ್ತಿದ್ದದ್ದು ನಮಗೆ ಗೊತ್ತಿರಲಿಲ್ಲ.

ಮೂರಕ್ಕೊಂದು, ಐದಕ್ಕೆ ನಾಲ್ಕು ಅಂತ ಅಷ್ಟು ಗುಣಾಕಾರ ಮಾಡಿದ ನಾವು, ಆ 61,000 ಎಷ್ಟು ರಾತ್ರಿಯದು ಅಂತ ಭಾಗಿಸಿ ನೋಡಿರಲಿಲ್ಲ. ವಾಪಸ್ ಬರುವಾಗ ರೈಲಿನಲ್ಲಿ ನೋಡಿದೆವು. ಎಂಬತ್ತಕ್ಕೂ ಮೇಲೆ.

ಖಾತೆಯಲ್ಲಿ ಇನ್ನೂ 13,000 ಉಳಿದಿದೆ. ಸದ್ಯಕ್ಕೆ ಮೈಲ್ ಮಾಡಿಲ್ಲ. ಅಮ್ಮ ಮಾತ್ರ ಪ್ರತಿ ತಿಂಗಳು ಅಪ್ಪನ ಬ್ಯಾಗಿಗೆ ಹುರಿದ ಕಡಲೆಕಾಯಿ ಡಬ್ಬಿ ಇಟ್ಟು, ರಾತ್ರಿ ಫೋನಿನಲ್ಲಿ ಶುಗರ್ ಎಷ್ಟಿದೆ ಅಂತ ಕೇಳುತ್ತಾಳೆ.