ಕೈ ತಪ್ಪಿದ ಚೆಂಡು

“ಉಮ್ಮಾ, ನಾಳೆಯಿಂದ ನಾನು ಥ್ರೋಬಾಲ್‌ಗೆ ಹೋಗುವುದಿಲ್ಲ” ಎಂದ ಮಗಳು ಬ್ಯಾಗನ್ನು ಮೂಲೆಗೆಸೆದು ಕೋಣೆಯ ಬಾಗಿಲು ಹಾಕಿಕೊಂಡಳು. ವಲಯ ಮಟ್ಟದ ಪಂದ್ಯಕ್ಕೆ ಇನ್ನು ಹತ್ತೇ ದಿನ ಉಳಿದಿತ್ತು. ಶಾಲೆಯ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವಳು ಅವಳೇ ಎಂದು ಟೀಚರ್ ಹೇಳಿದ್ದರು. ಬಹಳ ಹೊತ್ತಿನ ನಂತರ ಬಾಯಿಬಿಟ್ಟಳು. ತಂಡದ ಹುಡುಗಿಯರೆಲ್ಲ ಸೇರಿ ಟೀಚರ್ ಬಳಿ ಹೋಗಿ, “ಇವಳ ಜೊತೆ ಆಡಲು ನಮ್ಮಿಂದಾಗದು” ಎಂದಿದ್ದರಂತೆ.

ಮಕ್ಕಳ ಹೊಟ್ಟೆಕಿಚ್ಚು ಎಂದೇ ನಾನು ಭಾವಿಸಿದೆ. ತಾಯಂದಿರಿಗೆ ಮೊದಲು ತೋಚುವುದು ಅದೇ ತಾನೇ? ಹೇಗೋ ಪುಸಲಾಯಿಸಿ ಮರುದಿನ ಕಳುಹಿಸಿದೆ. ಸಂಜೆ ನಾನೂ ಹೋಗಿ ಮೈದಾನದ ಬದಿಯ ಮರದಡಿ ಕುಳಿತೆ.

ಥ್ರೋಬಾಲ್‌ನಲ್ಲಿ ಒಂದು ಕಡೆಗೆ ಏಳು ಮಂದಿ. ಬಂದ ಚೆಂಡನ್ನು ಎರಡೂ ಕೈಗಳಿಂದ ಹಿಡಿದು ಮೂರು ಸೆಕೆಂಡಿನೊಳಗೆ ಬಲೆಯಾಚೆ ಎಸೆಯಬೇಕು. ಯೋಚಿಸುತ್ತಾ ನಿಲ್ಲಲು ಸಮಯವೆಲ್ಲಿ? ನನ್ನ ಮಗಳು ಯೋಚಿಸುತ್ತಿದ್ದಳು. ಚೆಂಡು ಮೂಲೆಯಲ್ಲೇ ಬೀಳಬೇಕು, ಗೆರೆಯ ಒಳಗೇ ಬೀಳಬೇಕು ಎಂದು ಅಳೆಯುವಷ್ಟರಲ್ಲಿ ಟೀಚರ್ ಸೀಟಿ ಊದಿಬಿಡುತ್ತಿದ್ದರು. ಇಬ್ಬರ ನಡುವೆ ಬಂದ ಚೆಂಡಿಗೆ ಅವಳು ಕೈಯೇ ಚಾಚುತ್ತಿರಲಿಲ್ಲ. ತಪ್ಪಿದರೆ ತನ್ನ ಲೆಕ್ಕಕ್ಕೆ ಬರುತ್ತದಲ್ಲ! ಆದರೆ ಪಕ್ಕದವಳು ಕೈಬಿಟ್ಟರೆ ಇವಳು ನೋಡುವ ಒಂದು ನೋಟವಿತ್ತು. ಬೈಯುವ ಅಗತ್ಯವೇ ಇರಲಿಲ್ಲ. ಹಿಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಎರಡು ಸಲ ಚೆಂಡು ಬಿಟ್ಟ ಮೇಲೆ, ಪ್ರತಿ ಸಲವೂ ಮೊದಲು ಇವಳ ಮುಖ ನೋಡುತ್ತಿದ್ದಳು, ಆಮೇಲೆ ಚೆಂಡನ್ನು. ಅಷ್ಟರಲ್ಲಿ ಚೆಂಡು ನೆಲ ಸೇರುತ್ತಿತ್ತು.

ಆ ನೋಟ ನನಗೆ ಹೊಸದೇನಲ್ಲ. ಅದು ನನ್ನದೇ.

ಮಗಳು ತೊಳೆದಿಟ್ಟ ಪಾತ್ರೆಗಳನ್ನು ಮಾತಿಲ್ಲದೆ ಇನ್ನೊಮ್ಮೆ ತೊಳೆಯುವವಳು ನಾನು. ರಮಝಾನಿನಲ್ಲಿ ಅವಳು ಆಸೆಯಿಂದ ಮಡಚಿದ ಸಮೋಸಗಳನ್ನು ಅವಳೆದುರೇ ಬಿಚ್ಚಿ ಮತ್ತೆ ಮಡಚಿದ್ದೆ. “ನಿಮ್ಮ ಅಡುಗೆಮನೆಗೆ ಬರಲು ಹೆದರಿಕೆಯಾಗುತ್ತದೆ ಅತ್ತಿಗೆ” ಎಂದು ನಾದಿನಿ ಹೇಳಿದಾಗ ಅದನ್ನು ಹೊಗಳಿಕೆಯೆಂದೇ ತಿಳಿದಿದ್ದೆ! ನೂರಕ್ಕೆ 97 ತಂದಾಗ ಉಳಿದ 3 ಎಲ್ಲಿ ಹೋಯಿತೆಂದು ಕೇಳಿದ್ದೂ ನಾನೇ.

ಕೆನಡಾದ ಮನಃಶಾಸ್ತ್ರಜ್ಞರಾದ ಪಾಲ್ ಹೆವಿಟ್ ಮತ್ತು ಗೋರ್ಡನ್ ಫ್ಲೆಟ್ 1991ರಲ್ಲಿ ಈ ಪರಿಪೂರ್ಣತೆಯ ಹಂಬಲವನ್ನು ಮೂರಾಗಿ ವಿಂಗಡಿಸಿದ್ದರು. ತನ್ನಿಂದ ತಾನೇ ಅದನ್ನು ಬಯಸುವುದು, ಇತರರಿಂದ ಬಯಸುವುದು, ಇತರರು ತನ್ನಿಂದ ಬಯಸುತ್ತಿದ್ದಾರೆಂಬ ಭಾರ ಹೊರುವುದು. ಒಬ್ಬರೇ ಓಡುವ ಓಟದಲ್ಲಿ ಮೊದಲನೆಯದು ಒಂದಿಷ್ಟು ಪ್ರಯೋಜನಕ್ಕೆ ಬಂದೀತು. ಏಳು ಮಂದಿಯ ಆಟದಲ್ಲಿ ಎರಡನೆಯದು ಉಳಿದ ಆರು ಮಂದಿಯ ಕೈಯನ್ನೂ ನಡುಗಿಸುತ್ತದೆ. ಮೂರನೆಯದನ್ನು ನನ್ನ ಮಗಳ ತಲೆಗೇರಿಸಿದವರು ಯಾರೆಂದು ಬೇರೆ ಹೇಳಬೇಕಿಲ್ಲ.

ರಾತ್ರಿ ಇವರಲ್ಲಿ ಹೇಳಿಕೊಂಡಾಗ, “ಉಹುದ್‌ನ ಬಿಲ್ಲುಗಾರರ ನೆನಪಿದೆಯಾ?” ಎಂದು ಕೇಳಿದರು. ಬೆಟ್ಟ ಬಿಟ್ಟಿಳಿಯಬಾರದೆಂದು ಪ್ರವಾದಿವರ್ಯರು(ಸ) 50 ಮಂದಿಯನ್ನು ನಿಲ್ಲಿಸಿದ್ದರು. ಹೆಚ್ಚಿನವರು ಇಳಿದುಬಿಟ್ಟರು. ಗೆಲುವು ಕೈತಪ್ಪಿತು, ಸ್ವತಃ ಪ್ರವಾದಿಯವರೇ(ಸ) ಗಾಯಗೊಂಡರು. ಅದರ ನಂತರ ಆಲಿ ಇಮ್ರಾನ್ ಅಧ್ಯಾಯದಲ್ಲಿ ಬಂದ ಆದೇಶ, ಅನುಚರರನ್ನು ಕ್ಷಮಿಸಬೇಕು, ಕೆಲಸಕಾರ್ಯಗಳಲ್ಲಿ ಅವರೊಡನೆ ಸಮಾಲೋಚಿಸಬೇಕು ಎಂದು. ಎಷ್ಟೋ ಸಲ ಓದಿದ್ದೆ. ನನ್ನ ಅಡುಗೆಮನೆಗೂ ಅದು ಸಂಬಂಧಿಸಿದ್ದೆಂದು ಹೊಳೆದಿರಲಿಲ್ಲ.

ಮಗಳಿಗೆ ಕ್ರಿಕೆಟ್ ಎಂದರೆ ಪ್ರಾಣ. ಹಾಗಾಗಿ ಅವಳ ಬಳಿ ಜೆಮಿಮಾ ರಾಡ್ರಿಗಸ್ ವಿಷಯ ತೆಗೆದೆ. 2025ರ ವಿಶ್ವಕಪ್ಪಿನಲ್ಲಿ ಜೆಮಿಮಾ ಎರಡು ಸಲ ಸೊನ್ನೆಗೆ ಔಟಾಗಿದ್ದರು, ಒಂದು ಪಂದ್ಯಕ್ಕೆ ತಂಡದಿಂದಲೇ ಹೊರಗುಳಿದಿದ್ದರು. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾದ ವಿರುದ್ಧ ಅಜೇಯ 127 ಹೊಡೆದು ಗೆಲ್ಲಿಸಿದವರೂ ಅವರೇ. “ಆ 127 ಕೂಡಾ ತಪ್ಪಿಲ್ಲದ್ದಲ್ಲ ಮಗಳೇ, 82ರಲ್ಲಿದ್ದಾಗ ಕ್ಯಾಚ್ ಕೊಟ್ಟಿದ್ದರು, ಅವರು ಕೈಬಿಟ್ಟರು” ಎಂದೆ.

ಅವಳು ತಲೆ ಎತ್ತದೆ ಹೇಳಿದಳು, “ಆ ದಿನಗಳಲ್ಲಿ ಅವರು ತಾಯಿಗೆ ಫೋನ್ ಮಾಡಿ ಅಳುತ್ತಿದ್ದರಂತೆ. ನಾನು ಅತ್ತರೆ, ಚೆಂಡು ಯಾಕೆ ಬಿಟ್ಟೆ ಅಂತ ನೀವು ಕೇಳುತ್ತೀರಿ.”

ನನ್ನ ಬಳಿ ಉತ್ತರವಿರಲಿಲ್ಲ. ಸಮೋಸದ ವಿಷಯಕ್ಕೆ ಕ್ಷಮೆ ಕೇಳಿದೆ. ಅವಳಿಗೆ ನಗು ಬಂತು, ಅಳುವೂ ಬಂತು.

ಟೀಚರ್ ಅವಳನ್ನು ತಂಡದಲ್ಲಿ ಉಳಿಸಿಕೊಂಡರು. ಹಿಂದಿನ ಸಾಲಿನ ಪುಟ್ಟ ಹುಡುಗಿಯ ಬಳಿ ಇವಳು ಏನು ಹೇಳಿದಳೋ ನನಗೆ ಗೊತ್ತಿಲ್ಲ. ಪಂದ್ಯದ ದಿನ ಎರಡನೇ ಸುತ್ತಿನಲ್ಲೇ ಸೋತರು. ಕೊನೆಯ ಚೆಂಡನ್ನು ಬಿಟ್ಟದ್ದು ನನ್ನ ಮಗಳೇ. ಆ ಪುಟ್ಟ ಹುಡುಗಿ ಓಡಿ ಬಂದು ಇವಳ ಕೈ ಹಿಡಿದುಕೊಂಡದ್ದನ್ನು ಮಾತ್ರ ನಾನು ದೂರದಿಂದ ನೋಡಿದೆ.

ನನ್ನ ಕೈ ಇನ್ನೂ ಪೂರ್ತಿ ಸುಧಾರಿಸಿಲ್ಲ. ಮೊನ್ನೆ ಅವಳು ತೊಳೆದಿಟ್ಟ ತಟ್ಟೆಯೊಂದನ್ನು ಮೆಲ್ಲನೆ ನಲ್ಲಿಯಡಿ ಹಿಡಿದಿದ್ದೆ. ಹಿಂದಿನಿಂದ ಮಗಳು ಬಾಯಲ್ಲೇ ಜೋರಾಗಿ ಸೀಟಿ ಊದಿದಳು.